ಆಮಿಷದವರ ಮೇಜು

ಹೊಸ ಮೇಜನ್ನು ಗಿರಾಕಿಯ ಮನೆಗೆ ಕಳಿಸುವ ಮೊದಲು ನಾವು ಅದರ ಮೇಲೆ ಒಂದು ಹೊತ್ತು ಊಟ ಮಾಡುತ್ತೇವೆ. ಇದು ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಅಳತೆಪಟ್ಟಿ ಸುಳ್ಳು ಹೇಳಬಹುದು, ನಾಲ್ಕು ಜನ ಮೊಣಕೈ ಊರಿ ಮುದ್ದೆ ಮುರಿದರೆ ಮಾತ್ರ ಮೇಜಿನ ಬಂಡವಾಳ ಬಯಲಾಗುತ್ತದೆ ಎನ್ನುವುದು ಅವರ ವಾದ. ಗಿರಾಕಿಗಳಿಗೆ ಈ ವಿಷಯ ಹೇಳುವುದಿಲ್ಲ. ತಾವು ಹೊಚ್ಚ ಹೊಸದೆಂದು ತಂದುಕೊಂಡ ಮೇಜಿನ ಮೇಲೆ ಹೊಸಹಳ್ಳಿಯ ಬಡಗಿ ಸಂಸಾರವೊಂದು ಆಗಲೇ ಸೊಪ್ಪಿನ ಸಾರು ಸುರಿದುಕೊಂಡು ಉಂಡಿದೆ ಎಂದು ಗೊತ್ತಾದರೆ ಕೆಲವರಿಗೆ ಹಿಡಿಸದೇ ಹೋಗಬಹುದು. ನೀವೂ ನಮ್ಮ ಅಂಗಡಿಯಲ್ಲಿ ಮೇಜು ಮಾಡಿಸಿದ್ದರೆ ಇದೊಂದನ್ನು ಕ್ಷಮಿಸಿಬಿಡಿ. ಮರಕ್ಕೆ ಕಲೆಯಾಗದಿರಲಿ ಎಂದು ಮೇಲೆ ಅಪ್ಪನ ಹಳೆಯ ಪಂಚೆಯೊಂದನ್ನು ಹಾಸಿರುತ್ತೇವೆ.

ಮೊನ್ನೆ ಆ ಪಂಚೆಯನ್ನು ಒಗೆದು ಮಡಚಿಡುವಾಗ ಇದನ್ನೆಲ್ಲ ಬರೆಯಬೇಕೆನ್ನಿಸಿತು. ನಾನು ಓದಿದ್ದು ಎಂಟನೇ ಕ್ಲಾಸು. ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಗೆರೆ ಸೊಟ್ಟಗಿದ್ದರೆ ಅದು ಮರವಲ್ಲ, ನಾನು.

ಬಸವೇಶ್ವರನಗರದ ಮೇಡಂ ಒಬ್ಬರು ಹೋದ ವರ್ಷ ಅಂಗಡಿಗೆ ಬಂದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹಿಂದೆ ಎಂದೋ ಯಾವುದೋ ಅಧ್ಯಯನಕ್ಕೆಂದು ಅಮೆರಿಕಕ್ಕೆ ಹೋಗಿ, ಅಲ್ಲಿನ ಒಂದು ಹಳ್ಳಿಗಾಡಿನಲ್ಲಿ ಎರಡು ವರ್ಷ ಇದ್ದರಂತೆ. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, “ಆಚಾರ್ರೇ, ನನಗೆ ಇಂಥದೇ ಒಂದು ಅಮಿಶ್ ಟೇಬಲ್ ಬೇಕು,” ಎಂದರು.

“ಆಮಿಷದ ಟೇಬಲ್ಲಾ ಮೇಡಂ?”

ನನಗೆ ಆ ಪದ ಗೊತ್ತಿದ್ದದ್ದು ಎಲೆಕ್ಷನ್ ಕಾಲದ ಪೇಪರಿನಿಂದ. ಮತದಾರರಿಗೆ ಆಮಿಷ, ಕುಕ್ಕರ್ ಆಮಿಷ, ಸೀರೆ ಆಮಿಷ. ಹಾಗೆ ಯಾರೋ ಪುಕ್ಕಟೆ ಹಂಚಿದ ಮೇಜಿರಬೇಕು ಎಂದುಕೊಂಡೆ. ಮೇಡಂ ನಕ್ಕು ನಕ್ಕು ಮರದ ದಿಮ್ಮಿಯ ಮೇಲೆ ಕೂತೇಬಿಟ್ಟರು. ಆಮೇಲೆ ಹೇಳಿದರು: ಅಮಿಶ್ ಎನ್ನುವುದು ಜನರ ಹೆಸರು. ಕ್ರೈಸ್ತರಲ್ಲೇ ಒಂದು ಪಂಗಡ. ಯೂರೋಪಿನಿಂದ ಬಂದು ಅಲ್ಲಿ ನೆಲೆ ನಿಂತವರು. ಮನೆಯಲ್ಲಿ ಕರೆಂಟ್ ಇಲ್ಲ, ಟಿವಿ ಇಲ್ಲ, ಕಾರಿಲ್ಲ, ಓಡಾಡುವುದು ಕುದುರೆ ಗಾಡಿಯಲ್ಲಿ. ಬೇಸಾಯ ಮಾಡುತ್ತಾರೆ, ಹೆಂಗಸರು ಕೌದಿ ಹೊಲಿದು ಮಾರುತ್ತಾರೆ, ಮತ್ತೆ ಮರಗೆಲಸ. ಅವರ ಮೇಜು ಕುರ್ಚಿಗೆ ದೇಶದಲ್ಲೆಲ್ಲ ಹೆಸರು.

ಜಗತ್ತಿನ ಆಮಿಷಗಳನ್ನೆಲ್ಲ ಬೇಡವೆಂದು ಕೂತವರಿಗೆ ಆಮಿಷ ಎಂದೇ ಹೆಸರಿರುವುದು ನನಗೆ ಬಹಳ ಹಿಡಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಆಮಿಷದವರೇ ಆಗಿಬಿಟ್ಟರು.

ಮೇಜಿನ ಕೆಲಸ ನಡೆಯುವಷ್ಟು ದಿನವೂ ಮೇಡಂ ವಾರಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂತು, ಕೆಲಸ ನೋಡುತ್ತ ಆ ಜನರ ಕತೆ ಹೇಳುತ್ತಿದ್ದರು. ದೇವರು ದಿಂಡರ ವಿಷಯ ನಾನು ಕೇಳಲಿಲ್ಲ. ನನಗೆ ಬೇಕಿದ್ದದ್ದು ಕರೆಂಟಿಲ್ಲದೆ ಮರ ಕೊಯ್ಯುವ ಮಷೀನು ಹೇಗೆ ತಿರುಗುತ್ತದೆ ಎನ್ನುವುದು. ಡೀಸೆಲ್ ಎಂಜಿನ್ ಇಟ್ಟು ಗಾಳಿ ತುಂಬಿ, ಆ ಗಾಳಿಯ ಒತ್ತಡದಿಂದ ಯಂತ್ರ ನಡೆಸುತ್ತಾರಂತೆ. ಕರೆಂಟ್ ತಂತಿ ಮಾತ್ರ ಹೊರಗಿನಿಂದ ಒಳಗೆ ಬರಕೂಡದು. ಟೆಲಿಫೋನೂ ಹಾಗೆಯೇ. ಮನೆಯೊಳಗೆ ಬೇಡ, ಆದರೆ ವ್ಯಾಪಾರಕ್ಕೆ ಬೇಕೇ ಬೇಕು. ಅದಕ್ಕೆ ಹೊಲದಂಚಿನಲ್ಲಿ ಪುಟ್ಟ ಗೂಡು ಕಟ್ಟಿ ಅದರೊಳಗೆ ಫೋನ್ ಇಟ್ಟಿರುತ್ತಾರೆ. ಯಾವ ಹೊಸ ವಸ್ತು ಬಂದರೂ ಹಿರಿಯರು ಕೂತು, ಇದರಿಂದ ನಾವು ನಾವು ದೂರವಾಗುತ್ತೇವಾ ಎಂದು ಯೋಚಿಸಿ ಹೂಂ ಅಥವಾ ಊಹೂಂ ಎನ್ನುತ್ತಾರಂತೆ. ಮಕ್ಕಳಿಗೆ ಎಂಟನೇ ಕ್ಲಾಸಿಗೆ ಓದು ಸಾಕಂತೆ.

ಈ ಕೊನೆಯ ಮಾತು ಕೇಳಿ ನಾನು ಕೈಯಲ್ಲಿದ್ದ ಉಳಿ ಕೆಳಗಿಟ್ಟೆ. “ಮೇಡಂ, ಹಾಗಾದ್ರೆ ನಾನು ಅಲ್ಲಿ ಹುಟ್ಟಿದ್ರೆ ಪೂರ್ತಿ ಓದಿದೋನು ಅನ್ನಿಸ್ಕೋತಿದ್ದೆ.”

“ಹೌದಲ್ಲ. ನಮ್ಮ ಪಾಡು ನೋಡಿ, ಇನ್ನೂ ಓದಿ ಮುಗಿದಿಲ್ಲ,” ಎಂದರು.

ಕೇಳಿದ್ದನ್ನು ಸಂಜೆ ಅಂಗಡಿಯ ಹಿಂದಿನ ಮನೆಯಲ್ಲಿ ಅಪ್ಪನಿಗೆ ವರದಿ ಒಪ್ಪಿಸುತ್ತಿದ್ದೆ. ಅಪ್ಪನಿಗೆ ಎಂಬತ್ತೊಂದು. ಕಣ್ಣು ಮಂಜಾಗಿದೆ. ಮರವನ್ನು ಬೆರಳಲ್ಲಿ ಸವರಿ ಹೊನ್ನೆಯೋ ತೇಗವೋ ಹೇಳುತ್ತಾರೆ, ಎದುರಿಗಿರುವ ಮುಖ ಮಾತ್ರ ಮಾತಾಡಿದ ಮೇಲೆಯೇ ತಿಳಿಯುವುದು. ಆಮಿಷದವರನ್ನು ಅವರು ಮೊದಲ ದಿನವೇ ಒಪ್ಪಿಕೊಂಡುಬಿಟ್ಟರು.

“ಗಾಳೀಲಿ ಮಷೀನ್ ಓಡಿಸ್ತಾರಾ? ಪಂಕ್ಚರ್ ಅಂಗಡಿ ಗಾಳೀನಾ?”

“ಅಂಥದೇ ಅಪ್ಪ.”

“ಅಮಾವಾಸ್ಯೆ ರಜಾ ಮಾಡ್ತಾರಾ?”

“ಅವರಿಗೆ ಭಾನುವಾರ. ಅವತ್ತು ಬಂದೋರಿಗೆ ಒಂದು ಸ್ಟೂಲೂ ಮಾರಲ್ವಂತೆ. ಬೆಂಕಿ ಬಿದ್ದು ಯಾರದಾದ್ರೂ ಕೊಟ್ಟಿಗೆ ಹೋದ್ರೆ ನೂರಾರು ಜನ ಸೇರಿ ಒಂದೇ ದಿನದಲ್ಲಿ ಹೊಸದು ಎತ್ತಿ ನಿಲ್ಲಿಸ್ತಾರಂತೆ.”

“ಒಬ್ಬನ ಬೆರಳ ಮೇಲೂ ಸುತ್ತಿಗೆ ಬೀಳಲ್ವಂತಾ?” ಎಂದು ಕೇಳಿ, ಹಿಂದೆಯೇ, “ಪ್ಲೈವುಡ್ ಮುಟ್ತಾರಾ?” ಎಂದರು.

“ಈ ಮೇಜಂತೂ ಅಪ್ಪಟ ಮರ ಅಪ್ಪ.”

“ಅವರು ಕೆಲಸಗಾರರು ಕಣೋ,” ಎಂದು ತಲೆದೂಗಿದರು.

ಪ್ಲೈವುಡ್ ಎನ್ನುವ ಪದ ಬಂದಾಗಲೆಲ್ಲ ನಾನು ಮಾತು ಬದಲಿಸುತ್ತೇನೆ. ಏಕೆಂದು ಹೇಳಬೇಕಾದರೆ ನನ್ನ ತಮ್ಮನ ವಿಷಯ ಹೇಳಬೇಕು. ಹೇಳುವುದನ್ನು ಹದಿನೆಂಟು ವರ್ಷ ಮುಂದೂಡಿದ್ದೇನೆ, ನೋಡಿ, ಇಲ್ಲಿಯೂ ಮೂರು ಹಾಳೆ ಮುಂದೂಡಿದೆ.

ನಾಗ ನನಗಿಂತ ನಾಲ್ಕು ವರ್ಷ ಚಿಕ್ಕವನು. ಬಿನ್ನಿಪೇಟೆ ಕಡೆಯ ಸಾಮಿಲ್ಲಿನಿಂದ ಅಪ್ಪ ಗಾಡಿಯಲ್ಲಿ ಮರ ತಂದರೆ ನಾವಿಬ್ಬರೂ ಅದರ ಮೇಲೆ ಕೂತು ಬರುತ್ತಿದ್ದೆವು. ಅಪ್ಪ ಹತ್ತರಿ ಹಿಡಿದು ಹಲಗೆ ಉಜ್ಜಿದಂತೆಲ್ಲ ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಬೀಳುತ್ತಿತ್ತು. ನಾಗ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಓಲೆ ಎನ್ನುತ್ತಿದ್ದ, ನಾನು ಮೂಗಿನ ಕೆಳಗೆ ಅಂಟಿಸಿಕೊಂಡು ಮೀಸೆ ಎನ್ನುತ್ತಿದ್ದೆ. ಆಟ ಮುಗಿದ ಮೇಲೆ ಓಲೆ ಮೀಸೆಗಳನ್ನೆಲ್ಲ ಅಮ್ಮ ಗುಡಿಸಿ ನೀರೊಲೆಗೆ ಹಾಕುತ್ತಿದ್ದಳು. ಇವತ್ತಿಗೂ ತೇಗದ ಹೊಗೆ ಬಂದರೆ ನನಗೆ ಸ್ನಾನದ ನೆನಪಾಗುತ್ತದೆ.

ಆಮಿಷದವರಿಗಿದ್ದಂತೆ ಅಪ್ಪನಿಗೂ ಕಟ್ಟಲೆಗಳಿದ್ದವು. ಮರಕ್ಕೆ ಮರದ ಕಚ್ಚು ಕೂರಿಸಬೇಕಾದ ಕಡೆ ಮೊಳೆ ಹೊಡೆಯಕೂಡದು. ಅಮಾವಾಸ್ಯೆ ದಿನ ಉಳಿ ಮುಟ್ಟಕೂಡದು. ಪ್ಲೈವುಡ್ ನಮ್ಮ ಹೊಸ್ತಿಲು ದಾಟಕೂಡದು. ರಾಜಾಜಿನಗರ, ವಿಜಯನಗರದಲ್ಲೆಲ್ಲ ಅಡಿಗೆಮನೆಯಿಂದ ದೇವರಮನೆಯವರೆಗೆ ಪ್ಲೈವುಡ್ಡೇ ತುಂಬಿಹೋಗಿದ್ದ ಕಾಲದಲ್ಲೂ ಅಪ್ಪ, “ಅದು ಮರ ಅಲ್ಲ, ಮರದ ಅಪ್ಪಳ,” ಎನ್ನುತ್ತಿದ್ದರು. ಆಮಿಷದವರು ಹೂಂ ಊಹೂಂ ಹೇಳುವ ಮೊದಲು ಹತ್ತು ಜನ ಕೂತು ಯೋಚಿಸುತ್ತಾರೆ. ನಮ್ಮಲ್ಲಿ ಅಪ್ಪ ಒಬ್ಬರೇ ಯೋಚಿಸುತ್ತಿದ್ದರು, ಅದೂ ಒಂದೇ ಸಲ.

ನಾಗ ಮಾತ್ರ ಬಾಯಿ ಬಿಟ್ಟು ಕೇಳುತ್ತಿದ್ದ. “ಜನ ಕೇಳೋದು ಮಾಡಿಕೊಟ್ರೆ ತಪ್ಪೇನಪ್ಪ? ಪ್ಲೈವುಡ್ ಕೆಲಸ ಪ್ಲೈವುಡ್ ಅಂತ ಹೇಳೇ ಮಾಡೋಣ.” ಕರೆಂಟಿನ ಡ್ರಿಲ್ ಒಂದನ್ನೂ ತಂದಿದ್ದ. ಅಪ್ಪ ಅದನ್ನು ಬೀದಿಗೆ ಇಟ್ಟುಬಂದರು. ನಾನು ಹಾಗೆಲ್ಲ ಎದುರು ಮಾತಾಡಿದವನಲ್ಲ. ನಾನು ಒಳ್ಳೆಯ ಮಗ.

ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ರಾಜಾಜಿನಗರದವರೊಬ್ಬರ ಬೀರುವನ್ನು ನಾನೂ ನಾಗನೂ ಸೇರಿ ಮಾಡುತ್ತಿದ್ದೆವು. ಬಾಗಿಲು, ಪಕ್ಕ ಎಲ್ಲ ತೇಗ, ಹಿಂಬದಿಗೆ ಹಲಸಿನ ಹಲಗೆ. ಹಲಗೆಗಳನ್ನು ಒಂದೊಂದಾಗಿ ಉಜ್ಜಿ ಜೋಡಿಸಬೇಕೆಂದರೆ ಇನ್ನೂ ಮೂರು ದಿನದ ಕೆಲಸ. ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹೆಂಡತಿ ಸುಧಾಗೆ ಮಾತು ಕೊಟ್ಟಿದ್ದೆ. ಅವಳು ಮಧ್ಯಾಹ್ನವೇ ಹೂವು ಮುಡಿದು ಕೂತಿದ್ದಳು. ಅಪ್ಪ ಊರಲ್ಲಿರಲಿಲ್ಲ. ಬೀರುವಿನ ಬೆನ್ನು ಗೋಡೆಗಲ್ಲವೇ ಇರುವುದು, ಯಾರು ನೋಡುತ್ತಾರೆ ಎಂದುಕೊಂಡು ಒಂದು ಹಾಳೆ ಪ್ಲೈವುಡ್ ತಂದು ಹೊಡೆದು, ಮೇಲೆ ಬಣ್ಣ ಬಳಿದು ಕಳಿಸಿಬಿಟ್ಟೆ. ಆ ಸಿನಿಮಾದ ಕತೆ ಈಗ ನನಗೆ ನೆನಪಿಲ್ಲ.

ಮಳೆಗಾಲ ಬಂತು, ಆ ಮನೆಯ ಗೋಡೆ ನೀರು ಹೀರಿತು. ಬೀರುವಿನ ಯಜಮಾನರು ಒಂದು ಬೆಳಿಗ್ಗೆ ಅಂಗಡಿಗೆ ಬಂದು ನಿಂತರು. “ಏನ್ ಆಚಾರ್ರೇ, ನಿಮ್ಮ ಬೀರು ಹಿಂದ್ಗಡೆ ಪುಸ್ತಕದ ಥರ ಹಾಳೆ ಹಾಳೆ ಬಿಚ್ಕೊಂಡಿದೆ. ನಿಮ್ಮನ್ನ ನಂಬಿದ್ವಲ್ಲ ನಾವು.”

ಅವರು ಹೋದ ಮೇಲೆ ಅಪ್ಪ ನಮ್ಮಿಬ್ಬರ ಕಡೆ ತಿರುಗಿದರು. “ಯಾರು?” ಎಂದರು. ಅಷ್ಟೇ.

ಅವರ ಕಣ್ಣು ಆಗಲೇ ನಾಗನ ಮೇಲೆ ನಿಂತಿತ್ತು. ಪ್ಲೈವುಡ್ಡಿನ ಪರವಾಗಿ ಮಾತಾಡಿದವನು ಅವನೇ ತಾನೆ. ನಾಗ ನನ್ನನ್ನು ನೋಡಿದ. ನಾನು ಸಾಣೆಕಲ್ಲಿನ ಮೇಲೆ ಉಳಿ ಮಸೆಯುತ್ತಿದ್ದೆ. ಮಸೆಯುತ್ತಲೇ ಇದ್ದೆ. ಆ ಉಳಿ ಅಷ್ಟು ಹರಿತ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ನಾಗ ನನ್ನ ಕಡೆಯಿಂದ ಮುಖ ತಿರುಗಿಸಿ ಏನೂ ಹೇಳದೆ ನಿಂತ.

“ಇನ್ಮೇಲೆ ನನ್ನ ಪಂಕ್ತೀಲಿ ಕೂರಬೇಡ,” ಎಂದರು ಅಪ್ಪ.

ಅವತ್ತು ರಾತ್ರಿಯ ಊಟಕ್ಕೆ ಅಮ್ಮ ನಾಗನ ಮಣೆಯನ್ನು ಸ್ವಲ್ಪ ದೂರಕ್ಕೆ ಹಾಕಿದಳು. ಆದರೆ ನೀರಿನ ಚೊಂಬನ್ನು ಮಾತ್ರ ಆ ಖಾಲಿ ಜಾಗದ ನಡುವೆಯೇ ಇಟ್ಟಳು, ಅಪ್ಪನೂ ಅವನೂ ಅದರಿಂದಲೇ ಬಗ್ಗಿಸಿಕೊಳ್ಳಬೇಕಾಗುವ ಹಾಗೆ. ಅಮ್ಮ ಇರುವ ತನಕ ಅಷ್ಟಾದರೂ ನಡೆಯಿತು. ಅಮ್ಮ ಹೋದ ಮೇಲೆ ನಾಗ ಕೆಂಗೇರಿಗೆ ಹೋಗಿ ತನ್ನದೇ ಅಂಗಡಿ ತೆಗೆದ. ನಮ್ಮ ಅಂಗಡಿಯ ಮೇಲೆ ಅಪ್ಪ ಕೈಯಾರೆ ಕೆತ್ತಿದ ಮರದ ಬೋರ್ಡಿದೆ, ಕೊನೆಯಲ್ಲಿ ‘ಅಂಡ್ ಸನ್ಸ್’ ಎಂದಿತ್ತು. ಅಪ್ಪ ಏಣಿ ಹತ್ತಿ, ನ ಕೆಳಗಿದ್ದ ಸ ಒತ್ತನ್ನು ಉಳಿಯಿಂದ ಹೆರೆದು ತೆಗೆದರು, ‘ಅಂಡ್ ಸನ್’ ಎಂದಷ್ಟೇ ಉಳಿಯಿತು. ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದವನು ನಾನು.

ಆಗಲಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಬ್ಬ ಕಳೆಯಲಿ ಎಂದುಕೊಂಡೆ. ಅಮ್ಮನ ವರ್ಷಾಬ್ದಿಕ ಕಳೆಯಲಿ, ಅಪ್ಪನ ಕಣ್ಣಿನ ಆಪರೇಷನ್ ಆಗಲಿ. ಸುಳ್ಳು ಹೇಳಿದ್ದರೆ ಒಪ್ಪಿಕೊಳ್ಳುವುದು ಸುಲಭವಿತ್ತೇನೋ. ನಾನು ಏನನ್ನೂ ಹೇಳಿಯೇ ಇರಲಿಲ್ಲವಲ್ಲ, ಏನನ್ನು ವಾಪಸು ತೆಗೆದುಕೊಳ್ಳಲಿ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಹಬ್ಬಕ್ಕೆ ನಾಗ ಬರುತ್ತಿದ್ದ, ಅಪ್ಪನ ಕಾಲು ಮುಟ್ಟುತ್ತಿದ್ದ, ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಉಂಡು ಹೋಗುತ್ತಿದ್ದ. ಅಪ್ಪ ನನ್ನ ಮೂಲಕ ಮಾತಾಡುತ್ತಿದ್ದರು. “ಅವನಿಗೆ ಒಬ್ಬಟ್ಟು ಹಾಕಿದ್ರಾ ಕೇಳು,” ಎನ್ನುತ್ತಿದ್ದರು. ನಾಗ ಮೂರಡಿ ದೂರದಲ್ಲಿರುತ್ತಿದ್ದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪನ ಕಣ್ಣು ಮಂಜಾದ ಮೇಲೆ ನಮ್ಮ ಅಂಗಡಿಗೂ ಪ್ಲೈವುಡ್ ಬಂದಿದೆ. ಕರೆಂಟಿನ ಗರಗಸವೂ ಬಂದಿದೆ. ಅಪ್ಪ ಮಧ್ಯಾಹ್ನ ಮಲಗಿದಾಗ ಮಾತ್ರ ಅದನ್ನು ಹಾಕುವುದು. ಒಮ್ಮೊಮ್ಮೆ ಎಚ್ಚರವಾಗಿ, “ಏನೋ ಅದು ಸದ್ದು?” ಎನ್ನುತ್ತಾರೆ. “ಮೆಟ್ರೋ ಅಪ್ಪ,” ಎನ್ನುತ್ತೇನೆ. “ಇವತ್ತು ಬಹಳ ಟ್ರೈನು,” ಎಂದು ಮಗ್ಗುಲಾಗುತ್ತಾರೆ.

ಮೇಡಂ ಇನ್ನೊಂದು ಕತೆ ಹೇಳಿದ್ದು ಮೇಜಿನ ಕಾಲು ಕೂರಿಸುತ್ತಿದ್ದ ದಿನ. ಅಮಿಶ್ ಜನರಲ್ಲಿ ದೀಕ್ಷೆ ಪಡೆದವನು ಕಟ್ಟಲೆ ಮೀರಿ, ತಪ್ಪನ್ನು ಒಪ್ಪಿಕೊಳ್ಳದೆ ಹೋದರೆ ಅವನ ಜೊತೆ ಒಂದೇ ಮೇಜಿನಲ್ಲಿ ಕೂತು ಉಣ್ಣುವಂತಿಲ್ಲವಂತೆ. ಆದರೆ ಅವನು ಮನೆ ಮಗ, ಅವನನ್ನು ಹೊರಗೆ ಕೂರಿಸಲು ತಾಯಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಕೆಲವು ಮನೆಗಳಲ್ಲಿ ಎರಡು ಮೇಜುಗಳನ್ನು ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ಇಟ್ಟು, ಮೇಲೆ ಒಂದೇ ಬಟ್ಟೆ ಹಾಸುತ್ತಾರಂತೆ. ನೋಡುವವರಿಗೆ ಒಂದೇ ಮೇಜು. ಕೂತವರಿಗೆ ಗೊತ್ತು ಎರಡೆಂದು.

ನಾನು ಸುತ್ತಿಗೆ ಹಿಡಿದವನು ಹಾಗೆಯೇ ನಿಂತೆ. “ಯಾಕ್ ಆಚಾರ್ರೇ?” ಎಂದರು ಮೇಡಂ. ಕಣ್ಣಿಗೆ ಮರದ ಪುಡಿ ಬಿತ್ತು ಎಂದೆ. ಬಡಗಿಗೆ ಇದೊಂದು ಅನುಕೂಲ, ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಈ ಕತೆಯನ್ನು ಮಾತ್ರ ಸಂಜೆ ಅಪ್ಪನಿಗೆ ಹೇಳಲಿಲ್ಲ.

ಮೇಡಂ ತೋರಿಸಿದ ಮೇಜು ನಡುವೆ ಎರಡಾಗಿ ಜಾರುವಂಥದ್ದು. ನೆಂಟರು ಬಂದರೆ ಎರಡು ಭಾಗವನ್ನೂ ಎಳೆದು ನಡುವೆ ಇನ್ನೊಂದು ಹಲಗೆ ಸೇರಿಸಿಕೊಳ್ಳಬಹುದು. ಅದರ ಜಾರುಪಟ್ಟಿ ನನ್ನ ಕೈಯಲ್ಲಿ ಸರಿಯಾಗಿ ಕೂರಲೇ ಇಲ್ಲ, ಎಳೆದರೆ ಅರ್ಧಕ್ಕೆ ಕಚ್ಚಿಕೊಳ್ಳುತ್ತಿತ್ತು. ಅಂಥ ಕೆಲಸ ಚೆನ್ನಾಗಿ ಬರುವುದು ನಾಗನಿಗೆ. ಫೋನ್ ಮಾಡಿದೆ. “ಭಾನುವಾರ ಬರ್ತೀನಿ ಬಿಡಣ್ಣ,” ಎಂದ.

ಬಂದವನು ಮೇಜಿನ ಕೆಳಗೆ ಮಲಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೆಲಸ ಮಾಡಿದ. ಅಪ್ಪ ಕೋಲೂರಿಕೊಂಡು ಬಂದು ಮೇಜಿನ ಮೈಯನ್ನೆಲ್ಲ ಸವರಿದರು. “ಜಾರ್ತಾ ಇದೆ. ಬೆಣ್ಣೆ ಥರ ಜಾರ್ತಾ ಇದೆ. ಯಾರು ಕೂರಿಸಿದ್ದು?” ಎಂದರು. “ನಾಗ ಅಪ್ಪ,” ಎಂದೆ. “ಹೂಂ,” ಎಂದರು. ಆಮೇಲೆ, “ಊಟ ಹಾಕಿ ನೋಡಿ ಮೇಜಿನ ಮೇಲೆ,” ಎಂದರು.

ನಡುವಿನ ಹಲಗೆಗೆ ಹಚ್ಚಿದ ಬಣ್ಣ ಇನ್ನೂ ಆರಿರಲಿಲ್ಲ. ಎರಡು ಭಾಗ ಸ್ವಲ್ಪ ತೆರೆದೇ ಇದ್ದವು. ಸುಧಾ ಅದರ ಮೇಲೆ ಪಂಚೆ ಹಾಸಿ ತಟ್ಟೆ ಇಟ್ಟಳು. ಅಪ್ಪ ಒಂದು ಭಾಗದಲ್ಲಿ ಕೂತರು, ಪಕ್ಕದಲ್ಲಿ ನಾನು. ನಾಗ ಎಂದಿನಂತೆ ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ಹೊರಟ.

“ಭಾರ ಬೀಳ್ದೆ ಮೇಜು ಹೆಂಗ್ ಪರೀಕ್ಷೆ ಆಗುತ್ತೆ ನಾಗರಾಜ? ಆ ತುದೀಲಿ ಕೂತ್ಕೋ,” ಎಂದಳು ಸುಧಾ. ಅವನು ಅಪ್ಪನ ಕಡೆ ನೋಡಿ, ಆಚೆ ಭಾಗದ ಕೊನೆಯಲ್ಲಿ ಕೂತ. ಅಪ್ಪ ಬೇಡ ಎನ್ನಲಿಲ್ಲ.

ಮುದ್ದೆ ಮುರಿಯುತ್ತ ಅಪ್ಪ ಎಡಗೈಯಲ್ಲಿ ಬಟ್ಟೆಯ ಮೇಲೆ ಸವರಿದರು. ಬೆರಳು ನಡುವೆ ಕುಸಿಯಿತು. “ಇಲ್ಲಿ ಸಂದು ಇದೆಯಲ್ಲೋ.”

“ಹಲಗೆ ಇನ್ನೂ ಹಾಕಿಲ್ಲ ಅಪ್ಪ.”

“ನಾಲ್ಕು ಬೆರಳಿದೆ.”

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಎರಡು ಮೇಜು ಒಂದು ಬಟ್ಟೆಯ ಆ ಕತೆಯನ್ನು ಅಪ್ಪನಿಗೆ ಅಲ್ಲೇ ಹೇಳಿದೆ. ಅವರು ಅಗಿಯುವುದನ್ನು ನಿಲ್ಲಿಸಿ ಕೇಳಿದರು.

“ಬಟ್ಟೆ ಯಾಕೆ ಹಾಸ್ತಾರೆ?”

“ಸಂದು ಕಾಣದೇ ಇರಲಿ ಅಂತ.”

“ಯಾರಿಗೆ ಕಾಣದೇ ಇರಲಿ ಅಂತ?”

ಸುಧಾ ಸಾರಿನ ಸೌಟು ಎತ್ತಿದಳು. ಅಪ್ಪನೇ ಮತ್ತೆ ಕೇಳಿದರು. “ಅವನನ್ನ ಮತ್ತೆ ಸೇರಿಸ್ಕೊಳ್ಳೋದೇ ಇಲ್ವಂತಾ?”

“ಸೇರಿಸ್ಕೋತಾರಂತೆ. ಎಲ್ಲರ ಎದುರಿಗೆ ಮಂಡಿಯೂರಿ ತಪ್ಪು ಒಪ್ಕೊಂಡ್ರೆ ಆಯ್ತಂತೆ. ಆಮೇಲೆ ಆ ಮಾತು ಯಾರೂ ಎತ್ತಲ್ವಂತೆ.”

“ಇವನು ಒಪ್ಕೊಳ್ಳಲಿಲ್ವಲ್ಲ,” ಎಂದರು ಅಪ್ಪ, ನಾಗನಿದ್ದ ಕಡೆ ಗಲ್ಲ ತಿರುಗಿಸಿ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಕಾದು ಸಾಕಾದವರ ದನಿ ಅದು.

“ಅವನು ಒಪ್ಕೊಳ್ಳೋಕೆ ಏನೂ ಇರ್ಲಿಲ್ಲ ಅಪ್ಪ. ಆ ಬೀರುಗೆ ಪ್ಲೈವುಡ್ ಹೊಡೆದಿದ್ದು ನಾನು.”

ಹೊರಗೆ ಮೆಟ್ರೋ ಹೋಯಿತು. ಈ ಸಲ ನಿಜವಾದ ಮೆಟ್ರೋ.

ನಾಗ ತಟ್ಟೆಯ ಮೇಲಿಂದ ತಲೆ ಎತ್ತದೆ, “ಈಗ್ಯಾಕೆ ಬಿಡಣ್ಣ. ಅತ್ತಿಗೆ, ಒಂಚೂರು ಮಜ್ಜಿಗೆ,” ಎಂದ. ಸುಧಾ ಮಜ್ಜಿಗೆ ಪಾತ್ರೆ ಹಿಡಿದವಳು ನನ್ನನ್ನೇ ನೋಡುತ್ತಿದ್ದಳು. ತಾನು ಹೂವು ಮುಡಿದು ಹೋದ ಸಿನಿಮಾಕ್ಕೆ ಬೆಲೆ ತೆತ್ತವರು ಯಾರೆಂದು ಅವಳಿಗೂ ಆ ದಿನವೇ ಗೊತ್ತಾದದ್ದು.

“ನಿನಗೆ ಗೊತ್ತಿತ್ತೇನೋ ನಾಗ?” ಅಪ್ಪ ಅವನ ಹೆಸರು ಹಿಡಿದು ಮಾತಾಡಿಸಿದ್ದನ್ನು ನಾನು ಹದಿನೆಂಟು ವರ್ಷದಲ್ಲಿ ಕೇಳಿರಲಿಲ್ಲ.

“ಗೊತ್ತಿತ್ತಪ್ಪ.”

“ಯಾಕೋ ಹೇಳಲಿಲ್ಲ?”

“ಅವನು ಹೇಳ್ತಾನೆ ಅಂದ್ಕೊಂಡೆ. ಆಮೇಲೆ, ಹೇಳಲಿಲ್ಲ ಅಂದ್ಮೇಲೆ, ನಾನು ಹೇಳಿದ್ರೆ ನಿಮಗೆ ಒಬ್ಬ ಮಗನೂ ಇರ್ತಿರ್ಲಿಲ್ಲ.”

ಅಪ್ಪನ ಬೆರಳು ಇನ್ನೂ ಆ ಸಂದಿನಲ್ಲೇ ಇತ್ತು. ಬಟ್ಟೆಯನ್ನು ಒಳಕ್ಕೆ ಒತ್ತುತ್ತ, ಬಿಡುತ್ತ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, “ಎದ್ದೇಳು,” ಎಂದರು.

ಎದ್ದೆ. ಅಂಗಡಿಯಿಂದಲೇ ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಕಳಿಸಿದ್ದರೆ ಹೋಗುತ್ತಿದ್ದೆ.

“ಆ ಕಡೆ ಹೋಗಿ ಕೂತ್ಕೋ. ನಾಗ, ನೀನು ಈ ಕಡೆ ಬಾ.”

ನಾವಿಬ್ಬರೂ ತಟ್ಟೆ ಹಿಡಿದು ಎದುರುಬದುರಾಗಿ ನಡೆದೆವು. ದಾಟುವಾಗ ಅವನ ಭುಜ ನನ್ನ ಭುಜಕ್ಕೆ ತಗುಲಿತು. ತಗುಲಿತೋ ತಗುಲಿಸಿದನೋ. ನಾನು ಆಚೆ ಭಾಗದ ತುದಿಯಲ್ಲಿ ಕೂತೆ. ನಾಗ ಅಪ್ಪನ ಪಕ್ಕ ಕೂತು, ನೀರಿನ ಚೊಂಬನ್ನು ತೆಗೆದು ಸರಿಯಾಗಿ ಸಂದಿನ ಮೇಲೆ ಇಟ್ಟ. ಅದು ಅರ್ಧ ಆ ಹಲಗೆಗೆ, ಅರ್ಧ ಈ ಹಲಗೆಗೆ ಊರಿ ಅಲ್ಲಾಡದೆ ನಿಂತಿತು.

“ಎಷ್ಟು ದಿನ ಅಪ್ಪ ಇಲ್ಲಿ?” ಎಂದು ಕೇಳಿದೆ. ನನ್ನ ದನಿ ನನಗೇ ಚಿಕ್ಕ ಹುಡುಗನ ದನಿಯಂತೆ ಕೇಳಿಸಿತು.

“ಅವನು ಎಷ್ಟು ವರ್ಷ ಇದ್ದ?”

“ಹದಿನೆಂಟು.”

“ನೀನೂ ಅಷ್ಟೇ ಇರು.”

ನಾಗ ನಕ್ಕ. “ಅಷ್ಟು ವರ್ಷ ಕಾವಲಿಗೆ ನೀವು ಇರಬೇಕಲ್ಲಪ್ಪ.”

ಅಪ್ಪ ಚೊಂಬಿಗೆ ಕೈ ಚಾಚಿದರು. ಸಿಗಲಿಲ್ಲ. ನಾನು ಈ ಕಡೆಯಿಂದ ಅದನ್ನು ಸ್ವಲ್ಪ ಅವರತ್ತ ವಾಲಿಸಿದೆ, ನಾಗ ಲೋಟ ಹಿಡಿದ. ನೀರು ಕುಡಿದು, ಬಾಯಿ ಒರೆಸಿಕೊಂಡು ಅಪ್ಪ ಹೇಳಿದರು:

“ಇರ್ತೀನಿ.”